ಚಿತ್ರ ತಡವರಿಸಿದಾಗ

ನಮ್ಮ ಮನೆಗಳ ಕಪಾಟುಗಳಲ್ಲಿ ಹೊಲಮನೆಗಳ ಕಾಗದಪತ್ರ, ಬಂಗಾರದ ಒಡವೆ, ಮಕ್ಕಳ ಶಾಲೆಯ ದಾಖಲೆಗಳ ಜೊತೆಯಲ್ಲಿ ಇನ್ನೊಂದು ವಸ್ತುವೂ ಜೋಪಾನವಾಗಿ ಕುಳಿತಿರುತ್ತದೆ. ಅದು ನಡುವೆ ರಂಧ್ರವುಳ್ಳ, ಕನ್ನಡಿಯಂತೆ ಹೊಳೆಯುವ, 12 ಸೆಂಟಿಮೀಟರ್ ಅಗಲದ ಸಿ.ಡಿ. ಅಥವಾ ಡಿ.ವಿ.ಡಿ. ಮದುವೆ, ಗೃಹಪ್ರವೇಶ, ತೊಟ್ಟಿಲ ಕಾರ್ಯ, ಲಿಂಗದೀಕ್ಷೆ ಮೊದಲಾದ ಶುಭಕಾರ್ಯಗಳ ಚಿತ್ರಗಳನ್ನು ಅದರಲ್ಲಿ ತುಂಬಿಸಿ ಇಟ್ಟಿರುತ್ತೇವೆ. ವಿಡಿಯೋ ಸಿ.ಡಿ.ಯ ನಿಯಮಾವಳಿ ರೂಪುಗೊಂಡದ್ದು 1993ರಲ್ಲಿ, ಡಿ.ವಿ.ಡಿ. ಮೊದಲು ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1996ರಲ್ಲಿ. ನಮ್ಮ ಕಡೆಯ ಮದುವೆ ಮನೆಗಳಲ್ಲಿ ಹಳೆಯ ವಿಡಿಯೋ ಕ್ಯಾಸೆಟ್ಟಿನ ಸ್ಥಾನಕ್ಕೆ ಇವು ಬಂದು ಇಂದಿಗೆ ಎರಡು ದಶಕಗಳು ಸಂದಿವೆ. ಅವುಗಳಲ್ಲಿ ನಗುತ್ತ, ಮಾತಾಡುತ್ತ, ಅಕ್ಕಿಕಾಳು ಹಾಕುತ್ತ ಓಡಾಡುವ ಹಿರಿಯರಲ್ಲಿ ಎಷ್ಟೋ ಮಂದಿ ಇಂದು ನಮ್ಮೊಡನೆ ಇಲ್ಲ.

ಬಹುದಿನಗಳ ಮೇಲೆ ಇಂಥ ಒಂದು ಡಿಸ್ಕನ್ನು ಹೊರತೆಗೆದು ಕಂಪ್ಯೂಟರಿಗೆ ಹಾಕಿದಾಗ ಚಿತ್ರ ಸರಾಗವಾಗಿ ಓಡದೆ ತಡವರಿಸುವುದುಂಟು. ಮಾತು ತೊದಲುತ್ತದೆ, ಮುಖಗಳು ಚೌಕಚೌಕವಾಗಿ ಒಡೆಯುತ್ತವೆ, ಒಮ್ಮೊಮ್ಮೆ ಎಲ್ಲವೂ ಸ್ತಬ್ಧವಾಗಿಬಿಡುತ್ತದೆ. "ಡಿಸ್ಕ್ ಕೆಟ್ಟಿತು" ಎಂದು ಹೇಳಿ ಅದನ್ನು ಬದಿಗೆ ಸರಿಸುವ ಮನೆಗಳೇ ಹೆಚ್ಚು. ಆದರೆ ಕೆಮ್ಮು ಹೇಗೆ ಒಂದೇ ಕಾಯಿಲೆಯ ಹೆಸರಲ್ಲವೋ ಹಾಗೆಯೇ ಈ ತಡವರಿಕೆಯೂ ಒಂದೇ ದೋಷದ ಫಲವಲ್ಲ. ದೋಷವು ಡಿಸ್ಕಿನಲ್ಲಿರಬಹುದು, ಅದನ್ನು ಓದುವ ಡ್ರೈವಿನಲ್ಲಿರಬಹುದು, ಇವೆರಡನ್ನೂ ಬಿಟ್ಟು ಕಂಪ್ಯೂಟರಿನ ಒಳದಾರಿಯಲ್ಲಿಯೋ ಪರದೆಯಲ್ಲಿಯೋ ಇರಬಹುದು. ಯಾವುದರಲ್ಲಿದೆ ಎಂಬುದನ್ನು ತಿಳಿಯದೆ ತೀರ್ಪು ಕೊಡುವುದು ತರವಲ್ಲ. ನಮ್ಮ ಮನೆಯ ಒಂದೇ ಒಂದು ಡಿಸ್ಕು ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಕಾರಣಗಳಿಂದ ತಡವರಿಸಿದ್ದನ್ನು ನಾವು ಕಂಡಿದ್ದೇವೆ. ಆ ಅನುಭವವು ಓದುಗ ಬಂಧುಗಳಿಗೆ ಉಪಯುಕ್ತವಾದೀತೆಂಬ ನಂಬಿಕೆಯಿಂದ ಇಲ್ಲಿ ನಿವೇದಿಸುತ್ತಿದ್ದೇವೆ.

ನಮ್ಮ ತಂಗಿಯ ಮದುವೆ ನಡೆದದ್ದು 2004ರಲ್ಲಿ. ಮದುವೆಯ ಕೊನೆಗೆ, ಹೆಣ್ಣನ್ನು ಒಪ್ಪಿಸುವ ಹೊತ್ತಿನಲ್ಲಿ, ನಮ್ಮ ತಾಯಿಯವರು ನೆರೆಹೊರೆಯ ನಾಲ್ಕು ಜನ ಹೆಂಗಳೆಯರೊಡನೆ ಕುಳಿತು ಹೆಣ್ಣೊಪ್ಪಿಸುವ ಪದ ಹಾಡಿದರು. ಅವರು ತಮ್ಮ ತಾಯಿಯಿಂದ ಕಲಿತ ಪದ ಅದು. ಯಾವ ಪುಸ್ತಕದಲ್ಲಿಯೂ ಬರೆದುಕೊಂಡಿರಲಿಲ್ಲ. ಬಳಿಕ ಎಷ್ಟು ಕೇಳಿಕೊಂಡರೂ "ಹೆಣ್ಣು ಹೊಂಟಾಗ ಹಾಡೂ ಪದ, ಸುಮ್ಮಸುಮ್ಮನ ಹಾಡಬಾರದು" ಎನ್ನುತ್ತಿದ್ದರೇ ಹೊರತು ಮತ್ತೊಮ್ಮೆ ಹಾಡಲಿಲ್ಲ. 2019ರಲ್ಲಿ ಅವರು ಲಿಂಗೈಕ್ಯರಾದರು. ಅವರ ಭಾವಚಿತ್ರಗಳು ಮನೆಯಲ್ಲಿ ಬೇಕಾದಷ್ಟಿವೆ. ಅವರ ದನಿ ಮಾತ್ರ ಆ ಮದುವೆಯ ಡಿ.ವಿ.ಡಿ.ಯ ಕಡೆಯ ಕೆಲವು ನಿಮಿಷಗಳಲ್ಲಲ್ಲದೆ ಬೇರೆಲ್ಲಿಯೂ ಉಳಿದಿಲ್ಲ. ನಾವು ಇಷ್ಟೊಂದು ಶ್ರಮ ವಹಿಸಿದ್ದು ಈ ಕಾರಣಕ್ಕಾಗಿ.

ಮದುವೆಯ ಮರುವರ್ಷ, 2005ರಲ್ಲಿ, ನಾವು ಮತ್ತು ನಮ್ಮ ತಮ್ಮ ಸೇರಿ ಮನೆಯಲ್ಲಿಯೇ ಒಂದು ಕಂಪ್ಯೂಟರನ್ನು ಜೋಡಿಸಿದೆವು. ಆ ದಿನಗಳಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಮದರ್‌ಬೋರ್ಡು, ಪ್ರೊಸೆಸರು, ಹಾರ್ಡ್‌ಡಿಸ್ಕು, ಡಿ.ವಿ.ಡಿ. ಡ್ರೈವುಗಳನ್ನು ಒಂದೊಂದಾಗಿ ಕೊಂಡು ತಂದು ಜೋಡಿಸುವುದು ಮಧ್ಯಮ ವರ್ಗದ ಮನೆಗಳಲ್ಲಿ ಸಾಮಾನ್ಯವಾಗಿತ್ತು. ಹೀಗೆ ಕೈಯಿಂದ ಜೋಡಿಸಿದ ಯಂತ್ರಕ್ಕೆ ಒಂದು ಗುಣವೂ ಉಂಟು, ಒಂದು ತೊಡಕೂ ಉಂಟು. ಯಾವ ಭಾಗ ಎಲ್ಲಿದೆ ಎಂಬುದು ನಮಗೆ ಗೊತ್ತಿರುವುದು ಗುಣ. ಏನಾದರೂ ಕೆಟ್ಟರೆ ಉತ್ತರ ಹೇಳುವ ಒಬ್ಬ ಯಜಮಾನನಿಲ್ಲದಿರುವುದು ತೊಡಕು. ಮದುವೆಯ ಡಿ.ವಿ.ಡಿ. ತಡವರಿಸತೊಡಗಿದಾಗ ಚಿತ್ರ ತೆಗೆದವರನ್ನು ಕೇಳಿದರೆ ಕಂಪ್ಯೂಟರು ಸರಿಯಿಲ್ಲವೆಂದರು. ಡ್ರೈವು ಮಾರಿದ ಅಂಗಡಿಯವರನ್ನು ಕೇಳಿದರೆ ಡಿಸ್ಕು ಸರಿಯಿಲ್ಲವೆಂದರು. ಇಬ್ಬರೂ ಪರೀಕ್ಷಿಸದೆಯೇ ಹೇಳಿದ ಮಾತಾದ್ದರಿಂದ ಪರೀಕ್ಷೆಯನ್ನು ನಾವೇ ಕೈಗೊಳ್ಳಬೇಕಾಯಿತು.

ಮೊದಲು ಆ ಡಿಸ್ಕನ್ನು ಪಕ್ಕದ ಮನೆಯ ಟಿ.ವಿ.ಗೆ ಜೋಡಿಸಿದ್ದ ಡಿ.ವಿ.ಡಿ. ಪ್ಲೇಯರಿನಲ್ಲಿ ಹಾಕಿ ನೋಡಿದೆವು. ಮೊದಲಿಂದ ಕೊನೆಯವರೆಗೆ ಎಲ್ಲಿಯೂ ನಿಲ್ಲದೆ ಓಡಿತು. ಅಲ್ಲಿಗೆ ಡಿಸ್ಕು ನಿರ್ದೋಷಿಯೆಂದು ಸಿದ್ಧವಾಯಿತು. ಅನಂತರ ಕಂಪ್ಯೂಟರಿನಲ್ಲಿ ಬೇರೆ ಡಿಸ್ಕುಗಳನ್ನು ಹಾಕಿದೆವು, ಅವೂ ತಡವರಿಸಿದವು. ಚಿತ್ರವಷ್ಟೇ ಅಲ್ಲ, ಪರದೆಯ ಮೇಲಿನ ಮೌಸಿನ ಬಾಣವೂ ಕುಂಟುತ್ತ ಚಲಿಸುತ್ತಿತ್ತು. ಯಂತ್ರದ ಕೆಲಸದ ಹೊರೆಯನ್ನು ತೋರಿಸುವ 'ಟಾಸ್ಕ್ ಮ್ಯಾನೇಜರ್' ತೆರೆದು ನೋಡಿದರೆ ಪ್ರೊಸೆಸರು ತನ್ನ ಪೂರ್ಣ ಶಕ್ತಿಯನ್ನು ವ್ಯಯಮಾಡುತ್ತಿತ್ತು. ಒಂದು ಡಿ.ವಿ.ಡಿ. ತೋರಿಸಲು ಅಷ್ಟು ಶಕ್ತಿ ಬೇಕಿಲ್ಲ. ಡಿ.ವಿ.ಡಿ. ಚಿತ್ರಕ್ಕೆ ಸೆಕೆಂಡಿಗೆ ಬೇಕಾಗುವ ದತ್ತಾಂಶ ಹೆಚ್ಚೆಂದರೆ ಸುಮಾರು 10 ಮೆಗಾಬಿಟ್, ಅಂದರೆ ಒಂದೂಕಾಲು ಮೆಗಾಬೈಟ್ ಮಾತ್ರ. ಅಷ್ಟನ್ನು ತರಲು ಏದುಸಿರು ಬಿಡಬೇಕಾದರೆ ತರುವ ಕ್ರಮದಲ್ಲಿಯೇ ಏನೋ ದೋಷವಿರಬೇಕೆಂದು ಊಹಿಸಿದೆವು.

ಡ್ರೈವಿನಿಂದ ದತ್ತಾಂಶವನ್ನು ಕಂಪ್ಯೂಟರಿನ ಸ್ಮೃತಿಗೆ ತರಲು ಆ ಕಾಲದ ಯಂತ್ರಗಳಲ್ಲಿ ಎರಡು ಕ್ರಮಗಳಿದ್ದವು. ಡಿ.ಎಂ.ಎ. ಎಂಬ ಕ್ರಮದಲ್ಲಿ ದತ್ತಾಂಶವು ಪ್ರೊಸೆಸರಿಗೆ ಹೊರೆಯಾಗದೆ ನೇರವಾಗಿ ಸ್ಮೃತಿಗೆ ಸೇರುತ್ತದೆ. ಪಿ.ಐ.ಒ. ಎಂಬ ಹಳೆಯ ಕ್ರಮದಲ್ಲಿ ಪ್ರತಿಯೊಂದು ತುಣುಕನ್ನೂ ಪ್ರೊಸೆಸರೇ ಎತ್ತಿ ತರಬೇಕು. ಪಂಕ್ತಿಯಲ್ಲಿ ಬಡಿಸುವವರಿಗೆ ಅಡುಗೆ ಮನೆಯಿಂದ ಪದಾರ್ಥ ತಂದುಕೊಡುವವರು ಬೇರೆ ಇದ್ದರೆ ಊಟ ಸಾಂಗವಾಗಿ ಸಾಗುತ್ತದೆ. ಬಡಿಸುವವರೇ ಪ್ರತಿ ಸೌಟಿಗೂ ಅಡುಗೆ ಮನೆಗೆ ಓಡಬೇಕಾದರೆ ಪಂಕ್ತಿ ಕಾಯುತ್ತ ಕೂಡುತ್ತದೆ. ನಮ್ಮ ಯಂತ್ರದಲ್ಲಿ ಆಗುತ್ತಿದ್ದುದು ಇದೇ. 'ಡಿವೈಸ್ ಮ್ಯಾನೇಜರ್' ಎಂಬಲ್ಲಿ ಡ್ರೈವು ಸೇರಿದ್ದ ಐ.ಡಿ.ಇ. ವಾಹಿನಿಯ ವಿವರ ತೆಗೆದು ನೋಡಿದಾಗ ಅದು ಪಿ.ಐ.ಒ. ಕ್ರಮದಲ್ಲಿ ನಡೆಯುತ್ತಿರುವುದು ಸ್ಪಷ್ಟವಾಯಿತು.

ಹೊಸದಾಗಿ ಜೋಡಿಸಿದಾಗ ಸರಿಯಾಗಿದ್ದ ಯಂತ್ರ ಹಳೆಯ ಕ್ರಮಕ್ಕೆ ಇಳಿದದ್ದೇಕೆ? ನಮ್ಮಲ್ಲಿದ್ದ ವಿಂಡೋಸ್ ಎಕ್ಸ್‌ಪಿ ಎಂಬ ಕಾರ್ಯವ್ಯವಸ್ಥೆಗೆ ಒಂದು ವಿಚಿತ್ರ ಸ್ವಭಾವವಿತ್ತು. ಡ್ರೈವಿನಿಂದ ಸಕಾಲದಲ್ಲಿ ಉತ್ತರ ಬಾರದ ಅಥವಾ ದತ್ತಾಂಶ ಕೆಟ್ಟು ಬಂದ ಪ್ರಸಂಗಗಳನ್ನು ಅದು ಎಣಿಸಿ ಇಟ್ಟುಕೊಳ್ಳುತ್ತಿತ್ತು. ಅಂಥವು ಒಟ್ಟು 6 ಆದೊಡನೆ ಆ ವಾಹಿನಿಯ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತಿತ್ತು. ತಪ್ಪುಗಳು ಮುಂದುವರಿದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಕಡೆಗೆ ಪಿ.ಐ.ಒ.ಗೆ ತಂದು ನಿಲ್ಲಿಸುತ್ತಿತ್ತು. ಬಾಡಿಗೆಗೆ ತಂದ, ಹತ್ತು ಮನೆ ಸುತ್ತಿ ಗೀರುಬಿದ್ದ ಸಿನಿಮಾ ಡಿಸ್ಕುಗಳನ್ನು ಓದಲು ಡ್ರೈವು ಹೆಣಗಾಡಿದಾಗಲೆಲ್ಲ ಲೆಕ್ಕ ಏರುತ್ತಿತ್ತು. ಹೀಗಾಗಿ ಆ ಡಿಸ್ಕುಗಳು ಅಂಗಡಿಗೆ ಮರಳಿ ಹೋದ ಮೇಲೂ ಅವು ಹತ್ತಿಸಿದ ದಂಡವನ್ನು ನಮ್ಮ ಮದುವೆಯ ಡಿಸ್ಕು ಹೊರಬೇಕಾಗಿತ್ತು. ಪರಿಹಾರ ಸರಳವಾಗಿತ್ತು. ಆ ವಾಹಿನಿಯನ್ನು 'ಡಿವೈಸ್ ಮ್ಯಾನೇಜರ್' ಪಟ್ಟಿಯಿಂದ ತೆಗೆದುಹಾಕಿ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದರೆ, ವ್ಯವಸ್ಥೆಯು ಅದನ್ನು ಹೊಸದಾಗಿ ಗುರುತಿಸಿ ಲೆಕ್ಕವನ್ನು ಮೊದಲಿನಿಂದ ಆರಂಭಿಸುತ್ತಿತ್ತು. ಹಾಗೆ ಮಾಡಿದೆವು. ಜೊತೆಗೆ ಒಳಗಿನ ಚಪ್ಪಟೆ ಕೇಬಲ್ಲನ್ನೂ ಹೊಸದು ಹಾಕಿದೆವು. ಮೌಸಿನ ಬಾಣ ಸರಾಗವಾಯಿತು, ಚಿತ್ರವೂ ಸರಾಗವಾಯಿತು. ಅಂದು ಸಂಜೆ ನಮ್ಮ ತಾಯಿಯವರು ತಮ್ಮ ಹಾಡನ್ನು ತಾವೇ ಕೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಆ ಯಂತ್ರ ತನ್ನ ಆಯುಷ್ಯ ಮುಗಿಸಿತು. ವಿಂಡೋಸ್ ಎಕ್ಸ್‌ಪಿಗೆ ಅದರ ತಯಾರಕರ ಬೆಂಬಲ 2014ರಲ್ಲಿ ನಿಂತಿತು. ಐ.ಡಿ.ಇ. ಕೇಬಲ್ಲಿನ ಬದಲು ಸಾಟಾ ಎಂಬ ತೆಳುವಾದ ಕೇಬಲ್ಲು ಬಂದಿತು. ಹಾಡು ಕಪಾಟಿನಲ್ಲಿಯೇ ಇತ್ತು. 2022ರಲ್ಲಿ ನಮ್ಮ ಸೋದರಳಿಯ, ಅಂದರೆ ಆ ತಂಗಿಯ ಮಗ, ಹಟ ಹಿಡಿದು ನಮ್ಮಿಂದ ಇನ್ನೊಂದು ಕಂಪ್ಯೂಟರನ್ನು ಜೋಡಿಸಿಸಿದ. ಈಗಿನ ಪೆಟ್ಟಿಗೆಗಳಲ್ಲಿ ಹೆಚ್ಚಿನವುಗಳಲ್ಲಿ ಡಿ.ವಿ.ಡಿ. ಡ್ರೈವು ಕೂರಿಸಲು ಜಾಗವನ್ನೇ ಬಿಟ್ಟಿರುವುದಿಲ್ಲ. ಆದ್ದರಿಂದ ಹೊರಗಿನಿಂದ ಯು.ಎಸ್.ಬಿ. ಮೂಲಕ ಜೋಡಿಸುವ ತೆಳುವಾದ ಡ್ರೈವೊಂದನ್ನು ಕೊಂಡೆವು. 2023ರ ಬೇಸಿಗೆಯ ರಜೆಯಲ್ಲಿ ಹುಡುಗ ತನ್ನ ತಾಯಿಯ ಮದುವೆ ನೋಡಬೇಕೆಂದು ಡಿಸ್ಕು ಹಾಕಿದ. ಚಿತ್ರ ಆರಂಭದಿಂದಲೇ ಆಗಾಗ ತಡೆದು ತಡೆದು ಓಡಿತು. ಕೊನೆಗೆ ಹಾಡು ಬಂದಾಗಲಂತೂ ಪೂರ್ತಿ ನಿಂತೇಹೋಯಿತು.

"ಮಾಮಾ, ಅಜ್ಜಿ ಹಾಡೂ ಮುಂದನ ಯಾಕ ನಿಂತ್ ನಿಂತ್ ಬರತೈತಿ?" ಎಂದು ಅವನು ಕೇಳಿದ. ಅವನು ಅಜ್ಜಿಯನ್ನು ಬಲ್ಲ. ಅಜ್ಜಿಯ ಹಾಡನ್ನು ಕೇಳಿದವನಲ್ಲ.

ಈ ಸಲ ಟಿ.ವಿ.ಯ ಡಿ.ವಿ.ಡಿ. ಪ್ಲೇಯರು ಯಾರ ಮನೆಯಲ್ಲಿಯೂ ಇರಲಿಲ್ಲ. ಆದ್ದರಿಂದ ಬೇರೆ ದಾರಿ ಹಿಡಿಯಬೇಕಾಯಿತು. ಮೊದಲು ತಿಳಿಯಬೇಕಾದದ್ದು ಆರಂಭದಿಂದಲೂ ಇದ್ದ ಸಣ್ಣ ತಡೆಯ ಕಾರಣ. ಡ್ರೈವಿಗೆ ಕಿವಿಗೊಟ್ಟಾಗ ಅದು ಸುತ್ತುವುದು, ತಗ್ಗುವುದು, ಮತ್ತೆ ಸುತ್ತುವುದು ಕೇಳಿಸುತ್ತಿತ್ತು. ಇಂಥ ಡ್ರೈವಿಗೆ ಬೇರೆ ವಿದ್ಯುತ್ ತಂತಿ ಇರುವುದಿಲ್ಲ, ಯು.ಎಸ್.ಬಿ. ಕಿಂಡಿಯಿಂದಲೇ ಶಕ್ತಿ ಪಡೆಯಬೇಕು. ಹಳೆಯ ಮಾದರಿಯ ಯು.ಎಸ್.ಬಿ. 2.0 ಕಿಂಡಿ ನಿಯಮದಂತೆ ಕೊಡುವುದು 500 ಮಿಲಿ ಆಂಪಿಯರ್, ಯು.ಎಸ್.ಬಿ. 3.0 ಕಿಂಡಿ ಕೊಡುವುದು 900 ಮಿಲಿ ಆಂಪಿಯರ್. ಪೆಟ್ಟಿಗೆಯ ಮುಂಭಾಗದ ಕಿಂಡಿಗಳು ಒಳಗಿನ ಉದ್ದನೆಯ ತಂತಿಯ ಮೂಲಕ ಮದರ್‌ಬೋರ್ಡಿಗೆ ಸೇರಿರುವುದರಿಂದ ಶಕ್ತಿ ಇನ್ನಷ್ಟು ಕುಗ್ಗುವುದುಂಟು. ಡ್ರೈವನ್ನು ಮುಂಭಾಗದಿಂದ ಕಿತ್ತು, ಹಿಂಭಾಗದಲ್ಲಿ ಮದರ್‌ಬೋರ್ಡಿನ ಮೇಲೆಯೇ ಇರುವ 3.0 ಕಿಂಡಿಗೆ ಜೋಡಿಸಿದೊಡನೆ ಮುಕ್ಕಾಲು ಮದುವೆ ನಿರಾತಂಕವಾಗಿ ಸಾಗಿತು. ಹಾಡಿನ ಜಾಗದಲ್ಲಿ ಮಾತ್ರ ಮೊದಲಿನಂತೆಯೇ ನಿಂತಿತು.

ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತರೆ ಸಂಶಯ ಡಿಸ್ಕಿನ ಮೇಲೆ ಹೋಗಬೇಕು. ಇದನ್ನು ಖಚಿತಪಡಿಸಿಕೊಳ್ಳಲು ಯಾವ ಮನೆಯವರೂ ಮಾಡಬಹುದಾದ ಪರೀಕ್ಷೆಯೊಂದಿದೆ. ಡಿ.ವಿ.ಡಿ.ಯನ್ನು ಓಡಿಸುವ ಬದಲು ಅದರ ಒಳಗನ್ನು ತೆರೆದು ನೋಡಿದರೆ 'ವಿಡಿಯೋ_ಟಿಎಸ್' ಎಂಬ ಕಡತಕೋಶ ಕಾಣುತ್ತದೆ. ಚಿತ್ರವೆಲ್ಲ ಅದರೊಳಗೆ 'ವಿಒಬಿ' ಎಂಬ ಹೆಸರಿನಿಂದ ಮುಗಿಯುವ ಕಡತಗಳಲ್ಲಿ, ಒಂದೊಂದೂ 1 ಗಿಗಾಬೈಟ್ ಮೀರದಂತೆ, ಸಾಲಾಗಿ ಇರುತ್ತದೆ. ಹಳೆಯ ವಿ.ಸಿ.ಡಿ.ಯಾದರೆ 'ಎಂಪೆಗ್‌ಎವಿ' ಎಂಬ ಕೋಶದಲ್ಲಿ 'ಡಿಎಟಿ' ಕಡತವಾಗಿ ಇರುತ್ತದೆ. ಆ ಕಡತಗಳನ್ನು ಒಂದೊಂದಾಗಿ ಹಾರ್ಡ್‌ಡಿಸ್ಕಿಗೆ ನಕಲು ಮಾಡಬೇಕು. ನಕಲು ಸಲೀಸಾಗಿ ಆಗಿ, ನಕಲಿನ ಚಿತ್ರವೂ ಸರಾಗವಾಗಿ ಓಡಿದರೆ ದೋಷ ಡ್ರೈವು ಅಥವಾ ಅದರ ದಾರಿಯದು. ನಕಲು ಸಲೀಸಾಗಿ ಆಗಿಯೂ ಚಿತ್ರ ತಡವರಿಸಿದರೆ ದೋಷ ಡಿಸ್ಕಿನದಲ್ಲ. ಅದು ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡಿನ ಚಾಲಕ ತಂತ್ರಾಂಶ, ಚಿತ್ರ ತೋರಿಸುವ ತಂತ್ರಾಂಶ ಇವುಗಳಲ್ಲಿ ಒಂದರದು, ಇಲ್ಲವೇ ಚಿತ್ರವನ್ನು ತುಂಬಿಸುವಾಗಲೇ ಆದದ್ದು. ನಕಲೇ ನಿಂತುಹೋದರೆ ಡಿಸ್ಕಿನಲ್ಲಿ ಗಾಯವಿದೆಯೆಂದು ತಿಳಿಯಬೇಕು. ನಮ್ಮ ಡಿಸ್ಕಿನಲ್ಲಿ ಐದು ಕಡತಗಳಿದ್ದವು. ನಾಲ್ಕು ಬಂದವು; ಐದನೆಯದು ಅರ್ಧಕ್ಕೆ ನಿಂತಿತು.

ಐದನೆಯದೇ ಏಕೆ ಎಂಬುದು ಕುತೂಹಲದ ಸಂಗತಿ. ಡಿಸ್ಕಿನ ಬರಹವು ನಡುವಿನ ರಂಧ್ರದ ಬಳಿಯಿಂದ ಆರಂಭವಾಗಿ ಸುರುಳಿಯಾಗಿ ಹೊರ ಅಂಚಿನತ್ತ ಸಾಗುತ್ತದೆ. ತುಂಬಿದ ಡಿಸ್ಕಿನಲ್ಲಿ ಸಮಾರಂಭದ ಕಡೆಯ ಭಾಗವು ಹೊರ ಅಂಚಿಗೆ ಬರುತ್ತದೆ. ಕೈಬೆರಳು ತಾಗುವುದೂ ಆ ಅಂಚಿಗೆ, ಡಿಸ್ಕು ಸುತ್ತುವಾಗ ಹೆಚ್ಚು ತೊನೆದಾಡುವುದೂ ಆ ಅಂಚೇ. ನಮ್ಮ ಮದುವೆಗಳಲ್ಲಿ ಹೆಣ್ಣೊಪ್ಪಿಸುವುದು ಕೊನೆಯ ಕಾರ್ಯವಾದ್ದರಿಂದ ನಮ್ಮ ತಾಯಿಯವರ ಹಾಡು ಅಲ್ಲಿಗೆ ಹೋಗಿ ಕುಳಿತಿತ್ತು. ಸಾಲದೆಂಬಂತೆ ಡಿಸ್ಕಿನ ಮೇಲ್ಭಾಗದಲ್ಲಿ ವಧೂವರರ ಭಾವಚಿತ್ರವುಳ್ಳ ಬಣ್ಣದ ಕಾಗದವನ್ನು ಅಂಟಿಸಲಾಗಿತ್ತು. ನೋಡಲು ಚೆಂದವಾದ ಆ ಕಾಗದ ವರ್ಷಗಳು ಕಳೆದಂತೆ ತೇವ ಹೀರಿ ಅಲ್ಲಲ್ಲಿ ಉಬ್ಬಿತ್ತು. ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತುವ ಡಿಸ್ಕಿನ ತೂಕ ಒಂದೆಡೆ ಕಿಂಚಿತ್ ಹೆಚ್ಚಾದರೂ ಅದು ಓಲಾಡುತ್ತದೆ, ಓದುವ ಬೆಳಕಿನ ಕಿರಣ ತನ್ನ ಗೆರೆ ತಪ್ಪುತ್ತದೆ. ಡಿ.ವಿ.ಡಿ.ಯಲ್ಲಿ ಒಂದು ಗೆರೆಗೂ ಮತ್ತೊಂದಕ್ಕೂ ಇರುವ ಅಂತರ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಹಾಗೆಂದು ಅಂಟಿದ ಕಾಗದವನ್ನು ಕೀಳಲು ಹೋಗಬಾರದು. ಕೀಳುವಾಗ ಡಿಸ್ಕಿಗೇ ಪೆಟ್ಟಾಗುವ ಭಯವಿದೆ. ಸಿ.ಡಿ.ಯ ವಿಷಯದಲ್ಲಂತೂ ಬರಹವಿರುವುದು ಮೇಲಿನ ಚೀಟಿಯ ಕೆಳಗೇ, ತೆಳುವಾದ ಮೆರುಗಿನ ಹಿಂದೆ. ಕಾಗದದೊಂದಿಗೆ ಅದೂ ಎದ್ದು ಬಂದರೆ ಚಿತ್ರ ಶಾಶ್ವತವಾಗಿ ಹೋಯಿತು. ಡಿ.ವಿ.ಡಿ.ಯ ಬರಹ ಎರಡು ಪದರಗಳ ನಡುವೆ ಇರುವುದರಿಂದ ಅದಕ್ಕೆ ತುಸು ರಕ್ಷಣೆ ಹೆಚ್ಚು.

ನಾವು ಮೊದಲು ಡಿಸ್ಕನ್ನು ಶುಚಿಗೊಳಿಸಿದೆವು. ಮೆತ್ತಗಿನ, ನೂಲೇಳದ ಬಟ್ಟೆಯನ್ನು ತುಸು ತೇವ ಮಾಡಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ತಟ್ಟೆ ಒರೆಸುವಂತೆ ದುಂಡಗೆ ಒರೆಸಬಾರದು. ಅಡ್ಡಗೀರನ್ನು ಡ್ರೈವು ತನ್ನ ತಪ್ಪು ತಿದ್ದುವ ಗಣಿತದಿಂದ ದಾಟಬಲ್ಲದು. ಆದರೆ ಗೆರೆಯ ಗುಂಟ ಬಿದ್ದ ಗೀರು ಒಂದೇ ಗೆರೆಯ ಬಹುಭಾಗವನ್ನು ಅಳಿಸುವುದರಿಂದ ಅದನ್ನು ದಾಟುವುದು ಕಷ್ಟ. ಒರೆಸಿದ ಮೇಲೆ ಕಡತ ಇನ್ನಷ್ಟು ಮುಂದೆ ಸಾಗಿ ಮತ್ತೆ ನಿಂತಿತು. ಆಗ ಲಿನಕ್ಸ್ ವ್ಯವಸ್ಥೆಯಲ್ಲಿ 'ಡಿಡಿರೆಸ್ಕ್ಯೂ' ಎಂಬ ಉಚಿತ ತಂತ್ರಾಂಶದ ಮೊರೆಹೋದೆವು. ಸಾಮಾನ್ಯ ನಕಲಿನ ಕ್ರಮವು ಕೆಟ್ಟ ಜಾಗ ಬಂದೊಡನೆ ಅಲ್ಲಿಯೇ ತಲೆ ಬಡಿದುಕೊಂಡು ಕೂಡುತ್ತದೆ. ಈ ತಂತ್ರಾಂಶ ಹಾಗಲ್ಲ. ಮೊದಲು ಸುಲಭವಾಗಿ ಸಿಗುವುದನ್ನೆಲ್ಲ ಸಂಗ್ರಹಿಸಿ, ಕೆಟ್ಟ ಜಾಗಗಳನ್ನು ಗುರುತು ಹಾಕಿಕೊಂಡು ಹೋಗಿ, ಕಡೆಯಲ್ಲಿ ಅವುಗಳ ಬಳಿಗೆ ಮರಳಿ ಬಂದು ಸಾವಧಾನವಾಗಿ ಪ್ರಯತ್ನಿಸುತ್ತದೆ. ಎಲ್ಲಿಗೆ ನಿಂತಿತೆಂಬುದನ್ನು ಒಂದು ಕಡತದಲ್ಲಿ ಬರೆದಿಡುವುದರಿಂದ ಅದೇ ಕೆಲಸವನ್ನು ಇನ್ನೊಂದು ಡ್ರೈವಿನಲ್ಲಿ ಮುಂದುವರಿಸಲೂ ಬರುತ್ತದೆ. ಡ್ರೈವಿನ ವೇಗವನ್ನು ಆಜ್ಞೆ ಕೊಟ್ಟು ತಗ್ಗಿಸಿ, ಓಲಾಟ ಕಡಿಮೆಯಾಗುವಂತೆ ಮಾಡಿ, ರಾತ್ರಿಯಿಡೀ ಓದಲು ಬಿಟ್ಟೆವು. ಉಳಿದ ಜಾಗಗಳಿಗೆ ಸ್ನೇಹಿತರೊಬ್ಬರ ಹಳೆಯ ದೊಡ್ಡ ಡ್ರೈವನ್ನು ಕೇಳಿ ತಂದೆವು. ಒಂದು ಡ್ರೈವು ಓದಲಾರದ್ದನ್ನು ಇನ್ನೊಂದು ಓದುವುದುಂಟು. ಅವುಗಳ ಕಣ್ಣು ಒಂದೇ ಬಗೆಯದಲ್ಲ. ಎರಡನೆಯ ದಿನದ ಸಂಜೆಯ ಹೊತ್ತಿಗೆ ಬೆರಳೆಣಿಕೆಯ ತುಣುಕುಗಳನ್ನು ಬಿಟ್ಟು ಉಳಿದದ್ದೆಲ್ಲ ಹಾರ್ಡ್‌ಡಿಸ್ಕಿಗೆ ಬಂದು ಸೇರಿತ್ತು.

ಈಗ ಡಿಸ್ಕಿನ ಹಂಗಿಲ್ಲದೆ ಚಿತ್ರ ಓಡಿತು. ಆದರೂ ಹೆಂಗಳೆಯರು ಆರತಿ ಎತ್ತುವಾಗ, ಕೈಗಳು ಚಲಿಸುವಾಗ ಬಾಚಣಿಗೆಯ ಹಲ್ಲುಗಳಂಥ ಗೆರೆಗಳು ಕಾಣಿಸಿದವು. ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗ ಚಿತ್ರ ಸಣ್ಣಗೆ ನಡುಗಿತು. ನಕಲು ಶುದ್ಧವಾಗಿದ್ದ ಭಾಗಗಳಲ್ಲಿಯೂ ಹೀಗೆಯೇ ಆದದ್ದರಿಂದ ಇದು ಡಿಸ್ಕಿನ ದೋಷವಲ್ಲವೆಂದು ತಿಳಿಯುವುದು ಕಷ್ಟವಾಗಲಿಲ್ಲ. ನಮ್ಮ ದೇಶದ ಹಳೆಯ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಒಂದೊಂದು ಚಿತ್ರವೂ ಬೆಸ ಗೆರೆಗಳದೊಂದು, ಸಮ ಗೆರೆಗಳದೊಂದು ಎಂದು ಎರಡು ಭಾಗವಾಗಿ ಬರುತ್ತದೆ. ಗಾಜಿನ ಕೊಳವೆಯ ಹಳೆಯ ಟಿ.ವಿ.ಗೆ ಅದು ಸಹಜ. ಈಗಿನ ಚಪ್ಪಟೆ ಪರದೆ ಎರಡನ್ನೂ ಒಟ್ಟಿಗೆ ತೋರಿಸಹೋದಾಗ ಹಲ್ಲುಗಳು ಮೂಡುತ್ತವೆ. ಅಲ್ಲದೆ ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. 25 ಚಿತ್ರಗಳನ್ನು 60ಕ್ಕೆ ಹಂಚಿದರೆ ಒಂದು ಚಿತ್ರಕ್ಕೆ ಎರಡು ಸರದಿ, ಇನ್ನೊಂದಕ್ಕೆ ಮೂರು ಸರದಿ ಬಂದು ಚಲನೆ ಕುಂಟುತ್ತದೆ. ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶದಲ್ಲಿ 'ಡಿಇಂಟರ್‌ಲೇಸ್' ಎಂಬ ಆಯ್ಕೆಯನ್ನು ಚಾಲೂ ಮಾಡಿದಾಗ ಹಲ್ಲುಗಳು ಮಾಯವಾದವು. ಪರದೆಯ ವೇಗವನ್ನು 50ಕ್ಕೆ ಇಳಿಸಿದಾಗ ಪ್ರತಿ ಚಿತ್ರಕ್ಕೂ ಸಮನಾಗಿ ಎರಡೆರಡು ಸರದಿ ಸಿಕ್ಕಿ ನಡುಕ ನಿಂತಿತು. ಎಲ್ಲ ಪರದೆಗಳಲ್ಲಿಯೂ ಈ ಸೌಲಭ್ಯವಿರುವುದಿಲ್ಲ, ಇದ್ದವರು ಬಳಸಿಕೊಳ್ಳಬಹುದು.

ಕಳೆದುಹೋದ ಆ ತುಣುಕುಗಳು ಮಾತ್ರ ಮರಳಿ ಬರಲಿಲ್ಲ. ಡಿ.ವಿ.ಡಿ.ಯಲ್ಲಿ ಪ್ರತಿಯೊಂದು ಚಿತ್ರವೂ ಸಂಪೂರ್ಣವಾಗಿ ಬರೆದಿರುವುದಿಲ್ಲ. ಸುಮಾರು 12ರಿಂದ 15 ಚಿತ್ರಗಳ ಒಂದು ಗುಂಪಿನಲ್ಲಿ ಮೊದಲನೆಯದನ್ನು ಪೂರ್ತಿಯಾಗಿ ಬರೆದು, ಉಳಿದವುಗಳಲ್ಲಿ ಆದ ಬದಲಾವಣೆಯನ್ನಷ್ಟೇ ಬರೆದಿರುತ್ತಾರೆ. ಹಾಗಾಗಿ ಒಂದು ಸಣ್ಣ ತುಣುಕು ಹೋದರೂ ಅರ್ಧ ಸೆಕೆಂಡಿನಷ್ಟು ಚಿತ್ರ ಕಲಕಿದಂತಾಗುತ್ತದೆ. ಹಾಡಿನ ನಡುವೆ ಎರಡು ಕಡೆ ನಮ್ಮ ತಾಯಿಯವರ ಮುಖ ಹಾಗೆ ಕಲಕುತ್ತದೆ. ಒಂದು ಕಡೆ ಪದದ ಒಂದು ಅಕ್ಷರ ನುಂಗಿಹೋಗಿದೆ. ಸೋದರಳಿಯ ಆ ಜಾಗಗಳನ್ನು ಯಾವುದೋ ತಂತ್ರಾಂಶದಿಂದ ಕತ್ತರಿಸಿ ಸೇರಿಸುತ್ತೇನೆಂದ. ಇದ್ದದ್ದು ಇದ್ದ ಹಾಗೆಯೇ ಇರಲಿ ಎಂದೆವು. ನುಂಗಿಹೋದ ಅಕ್ಷರ ಯಾವುದೆಂಬುದನ್ನು ಅವನ ತಾಯಿ ಬಲ್ಲಳು. ಅವಳು ಅದನ್ನು ಅವನಿಗೆ ಹೇಳಿಕೊಟ್ಟಳು. ಹೇಳಿಕೊಡುವ ನೆವದಿಂದ ಪೂರ್ತಿ ಪದವನ್ನೇ ಒಂದು ಕಾಗದದ ಮೇಲೆ ಬರೆಸಿದಳು. ನಮ್ಮ ಮನೆತನದಲ್ಲಿ ಆ ಪದ ಬರಹಕ್ಕೆ ಇಳಿದದ್ದು ಅದೇ ಮೊದಲು.

ಇಷ್ಟನ್ನು ಹೇಳಿದ್ದು ನಮ್ಮ ಮನೆಯ ಕಥೆಯನ್ನು ಹಿಗ್ಗಿಸಲು ಅಲ್ಲ. ಮನೆಯಲ್ಲಿ ಬರೆಸಿದ ಡಿಸ್ಕುಗಳಿಗೂ ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಸಿನಿಮಾ ಡಿಸ್ಕುಗಳಿಗೂ ಭೇದವಿದೆ. ಮದುವೆಯ ಡಿಸ್ಕಿನಲ್ಲಿ ಬರಹವು ಒಂದು ಬಗೆಯ ಬಣ್ಣದ ಲೇಪದ ಮೇಲೆ ಬೆಳಕಿನಿಂದ ಸುಟ್ಟು ಮೂಡಿಸಿದ್ದು. ಬಿಸಿಲು, ಸೆಕೆ, ತೇವಗಳಿಂದ ಆ ಲೇಪ ಕಾಲಕ್ರಮದಲ್ಲಿ ಮಾಸುತ್ತದೆ. ಅತ್ತ ಅದನ್ನು ಓದುವ ಡ್ರೈವುಗಳು ಅಂಗಡಿಗಳಲ್ಲಿ ವಿರಳವಾಗುತ್ತಿವೆ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಡಿ.ವಿ.ಡಿ. ಚಿತ್ರ ತೋರಿಸುವ ಸೌಲಭ್ಯ ಕಂಪ್ಯೂಟರಿನಲ್ಲಿ ತಾನಾಗಿ ಬರುವುದಿಲ್ಲ, ವಿ.ಎಲ್.ಸಿ.ಯಂಥ ತಂತ್ರಾಂಶವನ್ನು ನಾವೇ ಹಾಕಿಕೊಳ್ಳಬೇಕು. ಒಂದೆಡೆ ಡಿಸ್ಕು ಹಣ್ಣಾಗುತ್ತಿದೆ, ಇನ್ನೊಂದೆಡೆ ಅದನ್ನು ಓದುವವರು ಕಡಿಮೆಯಾಗುತ್ತಿದ್ದಾರೆ.

ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಬಿಡುವಿನ ಒಂದು ದಿನ ಕಪಾಟಿನಿಂದ ಡಿಸ್ಕುಗಳನ್ನು ಹೊರತೆಗೆಯಿರಿ. ಪ್ರತಿಯೊಂದನ್ನೂ ಓಡಿಸಿ ನೋಡುವುದಕ್ಕಿಂತ ಮೊದಲು ಹಾರ್ಡ್‌ಡಿಸ್ಕಿಗೆ ನಕಲು ಮಾಡಿರಿ. ಹಳೆಯ ಡಿಸ್ಕಿಗೆ ಪ್ರತಿ ಓಟವೂ ಒಂದು ಶ್ರಮ. ತಡವರಿಸಿದರೆ ಯಾರನ್ನೂ ಒಮ್ಮೆಲೇ ದೂಷಿಸಬೇಡಿರಿ. ಡಿಸ್ಕು ಬದಲಿಸಿ ನೋಡಿರಿ, ಡ್ರೈವು ಬದಲಿಸಿ ನೋಡಿರಿ, ಕಿಂಡಿ ಬದಲಿಸಿ ನೋಡಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಗುಣವಾದರೂ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ನಕಲಾದ ಮೇಲೆ ಅದನ್ನು ಒಂದೇ ಕಡೆ ಇಡದೆ ಇನ್ನೊಂದು ಪ್ರತಿಯನ್ನು ಅಣ್ಣತಮ್ಮಂದಿರ ಮನೆಯಲ್ಲಿಯೋ ಹೆಣ್ಣುಮಕ್ಕಳ ಮನೆಯಲ್ಲಿಯೋ ಇರಿಸಿರಿ. ಮೂಲ ಡಿಸ್ಕನ್ನು ಎಸೆಯದೆ ಅದರ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದಲ್ಲಿ ಇಡಿರಿ. ಮತ್ತು ಆ ಚಿತ್ರದಲ್ಲಿ ಕಾಣುವ ಹಿರಿಯರು ಯಾರು, ಯಾವ ಊರಿನವರು, ನಮಗೆ ಏನಾಗಬೇಕು, ಅವರು ಹಾಡಿದ ಪದ ಯಾವುದು ಎಂಬುದನ್ನು ಬಲ್ಲವರು ಮನೆಯಲ್ಲಿ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿರಿ. ಆ ವಿವರ ಯಾವ ಡಿಸ್ಕಿನಲ್ಲಿಯೂ ಇರುವುದಿಲ್ಲ.